ಬೇಡಿಕೆ ಪಟ್ಟಿಯ ಮೊದಲ ಸಾಲು

ಮಗಳೇ,

ಉಡುಪಿ ಜಿಲ್ಲೆಗೆ ಹೊಸ ಅಭಿವೃದ್ಧಿ ಯೋಜನೆ ತಯಾರಾಗುತ್ತದಂತೆ, ನಮ್ಮ ನಿಟ್ಟೆ ಗ್ರಾಮದಿಂದ ಯಾವುದನ್ನು ಮೊದಲು ಬರೆದು ಕಳಿಸಲಿ ಎಂದು ಕೇಳಿದೆಯಲ್ಲ. ಮೊದಲ ಸಲ ಪಂಚಾಯತಿಗೆ ಆರಿಸಿ ಬಂದವಳು ‘ಯಾವುದು ಮೊದಲು’ ಎಂದು ಕೇಳಿದ್ದೇ ನನಗೆ ದೊಡ್ಡ ಸಮಾಧಾನ. ಹೆಚ್ಚಿನವರು ವಾರ್ಡ್‌ಸಭೆಯಲ್ಲಿ ಬಂದ ಬೇಡಿಕೆಗಳನ್ನು ಬಂದ ಹಾಗೆ ಒಂದರ ಕೆಳಗೊಂದು ಬರೆದು ಪಿಡಿಒ ಕೈಗೆ ಕೊಟ್ಟು ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಪಟ್ಟಿ ಎಷ್ಟೇ ಉದ್ದವಿರಲಿ, ಹಣ ಸಿಗುವುದು ಮೇಲಿನ ನಾಲ್ಕೈದಕ್ಕೆ. ಆ ನಾಲ್ಕೈದನ್ನು ಸಭೆ ತಾನೇ ಕೂತು ಆರಿಸದಿದ್ದರೆ ಗಟ್ಟಿ ದನಿಯವರು ಆರಿಸುತ್ತಾರೆ, ಇಲ್ಲವೇ ಕೆಲಸ ಹಿಡಿಯುವ ಗುತ್ತಿಗೆದಾರರು ಆರಿಸುತ್ತಾರೆ.

ನೀನು ಪ್ರತಿಯೊಂದು ಬೇಡಿಕೆಯ ಎದುರೂ ಒಂದು ಪ್ರಶ್ನೆ ಇಟ್ಟುಕೋ. ಈ ವರ್ಷ ಇದು ಆಗದೆ ಹೋದರೆ ಯಾರು, ಏನನ್ನು ಕಳೆದುಕೊಳ್ಳುತ್ತಾರೆ? ಉತ್ತರದಲ್ಲಿ ಜೀವ ಬಂದರೆ ಅದು ಮೊದಲ ಸಾಲು. ನೀರು ಬಂದರೆ ಎರಡನೆಯದು. ‘ಸ್ವಲ್ಪ ತೊಂದರೆಯಾಗುತ್ತದೆ’ ಎಂಬ ಉತ್ತರ ಬಂದರೆ ಆ ಕೆಲಸ ಒಂದು ವರ್ಷ ಕಾದೀತು.

ತೋಡು ದಾಟಲು ಹಾಸುವ ಕಾಲುಸಂಕದ ವಿಷಯ ತೆಗೆದುಕೋ. ತೋಡಿನ ಆಚೆ ನಾಲ್ಕೇ ಮನೆ ಇರುತ್ತದೆ. ನಾಲ್ಕು ಮನೆಗೆ ಇಷ್ಟು ಹಣವಾ ಎಂದು ಸಭೆಯಲ್ಲಿ ಯಾರಾದರೂ ಏಳುತ್ತಾರೆ. ಅದೇ ಹಣದಲ್ಲಿ ನಲವತ್ತು ಮನೆಯ ರಸ್ತೆಗೆ ಕಾಂಕ್ರೀಟ್ ಆಗುತ್ತದಲ್ಲ ಎನ್ನುತ್ತಾರೆ. ಕೇಳಲಿಕ್ಕೆ ನ್ಯಾಯವಾಗಿಯೇ ಇರುತ್ತದೆ. ಆದರೆ 2022ರ ಆಗಸ್ಟ್‌ನಲ್ಲಿ ನಮ್ಮದೇ ಜಿಲ್ಲೆಯ ಬೈಂದೂರು ತಾಲೂಕಿನಲ್ಲಿ ಶಾಲೆ ಬಿಟ್ಟು ಮನೆಗೆ ಬರುತ್ತಿದ್ದ ಒಂದು ಪುಟ್ಟ ಹುಡುಗಿ ಕಾಲುಸಂಕ ದಾಟುವಾಗ ಜಾರಿ ನೀರುಪಾಲಾದಳು. ಆಮೇಲೆ ಕೆಲವು ಕಾಲ ಎಲ್ಲರ ಬಾಯಲ್ಲೂ ಕಾಲುಸಂಕದ ಮಾತೇ. ಆ ಮಾತು ಆ ಮಳೆಗಾಲಕ್ಕೆ ಮೊದಲೇ ಒಂದು ಪಟ್ಟಿಯ ಮೊದಲ ಸಾಲಾಗಿ ಇರಬೇಕಿತ್ತು. ಡಾಂಬರು ಎದ್ದ ರಸ್ತೆಯಲ್ಲಿ ಬೈಕು ಕುಲುಕುತ್ತದೆ, ಆದರೂ ಸಂಜೆಗೆ ಮನೆ ಮುಟ್ಟುತ್ತೇವೆ. ಅಡಿಕೆ ಮರ ಹಾಸಿದ ಸಂಕದ ಮೇಲೆ ಜುಲೈ ತಿಂಗಳಲ್ಲಿ ಚೀಲ ಹೊತ್ತ ಮಗುವಿಗೆ ಆ ಭರವಸೆ ಇಲ್ಲ. ನಿನ್ನ ವಾರ್ಡಿನಲ್ಲಿ ಅಂಥ ಸಂಕ ಎಷ್ಟಿವೆ, ಯಾವುದರ ಮೇಲೆ ಮಕ್ಕಳು ಓಡಾಡುತ್ತಾರೆ ಎನ್ನುವುದನ್ನು ನೀನೇ ನಡೆದು ನೋಡಿ ಬರಬೇಕು. ಶಾಲೆಯ ಟೀಚರನ್ನು, ಆಶಾ ಕಾರ್ಯಕರ್ತೆಯನ್ನು ಕೇಳು. ಅವರಿಗೆ ಎಲ್ಲ ಗೊತ್ತಿರುತ್ತದೆ.

ಇನ್ನು ನೀರು. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಸರಪಡಬೇಡ.

ನಮ್ಮ ಜಿಲ್ಲೆಗೆ ವರ್ಷಕ್ಕೆ 4,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಬಯಲುಸೀಮೆಯವರು ಕೇಳಿದರೆ ಕೊಟ್ಟು ಕಳಿಸುವಷ್ಟು ಮಳೆ. ಆದರೂ ಏಪ್ರಿಲ್ ಕಳೆಯುವಷ್ಟರಲ್ಲಿ ಪಂಚಾಯತಿಯವರು ಟ್ಯಾಂಕರ್ ನೀರಿನ ಟೆಂಡರಿಗೆ ಕೂರಬೇಕು. ಬಿದ್ದ ಮಳೆಯಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಂದು, ಮುರಕಲ್ಲಿನ ಗುಡ್ಡದಿಂದ ಇಳಿದು, ತೋಡು ಹಿಡಿದು, ಹೊಳೆ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಘಟ್ಟದ ಬುಡದಿಂದ ಕಡಲಿಗೆ ದೂರವೂ ಹೆಚ್ಚಿಲ್ಲ, ಇಳಿಜಾರೂ ಜೋರು. ಸ್ವರ್ಣಾ ಹೊಳೆಯನ್ನೇ ನೋಡು. ಕಾರ್ಕಳ ತಾಲೂಕಿನ ಘಟ್ಟದಲ್ಲಿ ಹುಟ್ಟಿ, ಮುಂಡ್ಲಿಯಲ್ಲಿ ಕಾರ್ಕಳ ಪೇಟೆಗೆ ನೀರು ಕೊಟ್ಟು, ಕೆಳಗೆ ಬಜೆಯಲ್ಲಿ ಉಡುಪಿ, ಮಣಿಪಾಲಕ್ಕೆ ಕೊಡುತ್ತದೆ. 2019ರ ಮೇ ತಿಂಗಳಲ್ಲಿ ಬಜೆ ಅಣೆಕಟ್ಟು ತಳ ಕಂಡಿತು. ಹೊಳೆಯ ಗುಂಡಿಗಳಲ್ಲಿ ನಿಂತ ನೀರನ್ನು ಪಂಪು ಇಟ್ಟು ಎತ್ತಬೇಕಾಯಿತು. ಮಾರನೆಯ ವರ್ಷ, 2020ರ ಸೆಪ್ಟೆಂಬರ್ 20ರಂದು, ಅದೇ ಸ್ವರ್ಣಾ ಉಕ್ಕಿ ಉಡುಪಿಯ ಮನೆಗಳೊಳಗೆ ನುಗ್ಗಿತು, ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ಒಂದೇ ಹೊಳೆ, ಎರಡು ವರ್ಷ. ಮಳೆಯ ನೀರನ್ನು ಗುಡ್ಡದ ಮೇಲೆ, ಬೈಲಿನ ತಲೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸುವ ಕೆಲಸಕ್ಕೆ ನಮ್ಮ ಯಾವ ಯೋಜನೆಯಲ್ಲೂ ಮೇಲಿನ ಸಾಲು ಸಿಕ್ಕಿಲ್ಲ.

ನಮ್ಮ ಹಿರಿಯರಿಗೆ ಈ ಕೆಲಸ ಗೊತ್ತಿತ್ತು. ಗುಡ್ಡದ ಬದಿಯಲ್ಲಿ ಮದಗ, ಬೈಲಿನಲ್ಲಿ ಕೆರೆ, ತೋಡಿಗೆ ಕಟ್ಟ. ಮಳೆ ನಿಂತು ತೋಡಿನ ಹರಿವು ಸಣ್ಣದಾಗುವ ಹೊತ್ತಿಗೆ ಇಡೀ ಬೈಲಿನವರು ಸೇರಿ ಮಣ್ಣು, ಕಲ್ಲು, ಸೊಪ್ಪು ಹಾಕಿ ಕಟ್ಟ ಕಟ್ಟುತ್ತಿದ್ದರು. ಸುಗ್ಗಿ ಬೆಳೆಗೆ ನೀರಾಗುತ್ತಿತ್ತು. ಆಸುಪಾಸಿನ ಬಾವಿಗಳಲ್ಲಿ ಮೇ ತಿಂಗಳಲ್ಲೂ ಒಸರು ಇರುತ್ತಿತ್ತು. ಗದ್ದೆ ಹಡಿಲು ಬಿದ್ದಂತೆ ಕಟ್ಟಕ್ಕೆ ಬರುವ ಕೈಗಳೂ ಕಡಿಮೆಯಾದವು. ಅದರ ಜಾಗಕ್ಕೆ ಸರ್ಕಾರದ ಕಿಂಡಿ ಅಣೆಕಟ್ಟು ಬಂತು, ಒಳ್ಳೆಯದೇ ಆಯಿತು. ಆದರೆ ಕಿಂಡಿಗೆ ಹಲಗೆ ಹಾಕುವವರು ಯಾರು? ಹಾಕುವುದು ಯಾವಾಗ? ನವೆಂಬರ್, ಡಿಸೆಂಬರಿನಲ್ಲಿ ಹಾಕಿದರೆ ನೀರು ನಿಲ್ಲುತ್ತದೆ. ಬಿಲ್ಲು ಪಾಸಾಗಿ ಜನವರಿ ಕೊನೆಗೆ ಹಾಕಿದರೆ ನಿಲ್ಲಿಸಲು ನೀರೇ ಇರುವುದಿಲ್ಲ. ಹಲಗೆ ಕೊಳೆತು ಹೋದ, ಹೂಳು ಕಿಂಡಿಯ ಮಟ್ಟಕ್ಕೆ ಬಂದ ಅಣೆಕಟ್ಟುಗಳನ್ನು ಈ ಜಿಲ್ಲೆಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅವುಗಳ ಸ್ವಲ್ಪ ಕೆಳಗೇ ಹೊಸತಕ್ಕೆ ಬೇಡಿಕೆ ಹೋಗಿರುತ್ತದೆ.

ಹಾಗಾಗಿ ನೀನು ಹೊಸ ಅಣೆಕಟ್ಟು ಎಂದು ಬರೆಯುವ ಮೊದಲು ಇದ್ದವುಗಳ ಪಟ್ಟಿ ಮಾಡು. ಹಲಗೆ ಉಂಟಾ, ಎಲ್ಲಿಟ್ಟಿದ್ದಾರೆ, ಹಾಕುವ ಹೊಣೆ ಯಾರದು, ಹೂಳು ಎಷ್ಟು. ಒಂದು ಅಣೆಕಟ್ಟಿನ ಹಲಗೆಗೂ ಕೂಲಿಗೂ ತಗಲುವ ಖರ್ಚು ಹೊಸತರ ಒಂದು ಕಂಬಕ್ಕೂ ಸಾಲದು. ಜೀರ್ಣೋದ್ಧಾರಕ್ಕೆ ಶಿಲಾನ್ಯಾಸವಿಲ್ಲ, ಹೆಸರು ಕೆತ್ತಿದ ಕಲ್ಲಿಲ್ಲ. ಮೇಲಿನವರಿಗೆ ಅದರಲ್ಲಿ ಆಸಕ್ತಿ ಬರಿಸುವುದು ಕಷ್ಟ. ಕಷ್ಟವಾದರೂ ಹಟ ಬಿಡಬೇಡ. ಜಲಜೀವನ್ ಮಿಷನ್ ಬಂದು ಮನೆಮನೆಗೆ ನಳ್ಳಿ ಹಾಕಿತು, ದಿನಕ್ಕೆ ತಲೆಗೆ 55 ಲೀಟರ್ ಎಂದು ಲೆಕ್ಕವಿಟ್ಟಿತು. ಪೈಪಿನ ಆ ತುದಿಯಲ್ಲಿ ಬಾವಿ ಬತ್ತಿದರೆ ಈ ತುದಿಯ ನಳ್ಳಿ ಏನು ಕೊಟ್ಟೀತು? ಮೂಲವನ್ನು ಕಾಯುವ ಕೆಲಸ ಪಂಚಾಯತಿಗೇ ಉಳಿದಿದೆ.

ಒಂದು ಕೆಲಸ ನಿಟ್ಟೆಯಲ್ಲಿ ಸುಲಭವಾಗಿ ಆಗಬಹುದು. ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರು 1979ರಲ್ಲಿ ಕಟ್ಟಿದ ವಿದ್ಯಾಸಂಸ್ಥೆಯ ಎಂಜಿನಿಯರಿಂಗ್ ಕಾಲೇಜು 1986ರಿಂದ ಊರಲ್ಲೇ ಉಂಟು. ಸಿವಿಲ್ ಓದುವ ಹುಡುಗರು, ಹುಡುಗಿಯರು ಊರಿನ ಬಾವಿಗಳಲ್ಲಿ ಪ್ರತಿ ತಿಂಗಳು ನೀರಿನ ಮಟ್ಟ ಅಳೆದು ಬರೆದಿಟ್ಟರೆ ಎರಡೇ ಬೇಸಿಗೆಯಲ್ಲಿ ನಮಗೆ ಯಾವ ಬದಿ ಒಣಗುತ್ತದೆ, ಯಾವ ಮದಗ ತುಂಬಿದರೆ ಯಾವ ಬಾವಿ ಏರುತ್ತದೆ ಎನ್ನುವುದು ಕಣ್ಣಿಗೆ ಕಾಣುತ್ತದೆ. ನೀನು ಹೋಗಿ ಕೇಳು. ಜಿಲ್ಲೆಯ ಮುಂದೆ ಇಡುವ ಬೇಡಿಕೆಯ ಜೊತೆ ಅಳತೆ ಇದ್ದರೆ ಅದನ್ನು ತಳ್ಳಿಹಾಕುವುದು ಯಾವ ಅಧಿಕಾರಿಗೂ ಸುಲಭವಲ್ಲ.

ಹಣದ ಮಾತು ಬಂದಾಗ ‘ನಮ್ಮ ಕೈಯಲ್ಲಿ ಏನುಂಟು, ಎಲ್ಲ ಮೇಲಿನಿಂದಲೇ ಷರತ್ತು ಕಟ್ಟಿ ಬರುತ್ತದೆ’ ಎನ್ನುವವರ ಮಾತಿಗೆ ಬಗ್ಗಬೇಡ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅನುದಾನದಲ್ಲಿ ನೂರಕ್ಕೆ 60 ರೂಪಾಯಿಯನ್ನು ಕಟ್ಟಿಯೇ ಕೊಟ್ಟಿತ್ತು, ನಿಜ. ಆ 60ರಲ್ಲಿ ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು ಮತ್ತು ಮಳೆನೀರು ಕೊಯ್ಲಿಗೆ. ಅಂದರೆ ಇಂಗುಗುಂಡಿಗೆ, ಬಾವಿ ಮರುಪೂರಣಕ್ಕೆ ದಾರಿ ಅದರಲ್ಲೇ ಇತ್ತು. ಆ ದಾರಿಯಲ್ಲಿ ನಡೆದ ಪಂಚಾಯತಿಗಳು ಎಷ್ಟು ಎಂಬುದು ಜಿಲ್ಲೆಯಲ್ಲಿ ಕೇಳಬೇಕಾದ ಪ್ರಶ್ನೆ. ಮುಂದಿನ ಅನುದಾನ ಬರುವಾಗ ಷರತ್ತುಗಳನ್ನು ನೀನೇ ಓದು, ಇನ್ನೊಬ್ಬರ ಬಾಯಿಂದ ಕೇಳಬೇಡ.

ಊರಿನ ಗಡಿಯೊಳಗೆ ಬಗೆಹರಿಯದ ಕೆಲಸ ಕೆಲವು ಉಂಟು. ಅವನ್ನು ಬೇರೆಯೇ ಬರೆ, ಜಿಲ್ಲೆಯ ಯೋಜನೆ ಇರುವುದೇ ಅವಕ್ಕೆ. ನಮ್ಮ ಊರಲ್ಲೇ ಒಳ್ಳೆಯ ಉದಾಹರಣೆ ಇದೆಯಲ್ಲ! ಒಂದೊಂದು ಪಂಚಾಯತಿಯೂ ತನ್ನ ಪ್ಲಾಸ್ಟಿಕ್, ಗೋಣಿ, ಹಾಲಿನ ತೊಟ್ಟೆಯನ್ನು ಇಟ್ಟುಕೊಂಡು ಏನು ಮಾಡುವುದೆಂದು ತಿಳಿಯದೆ ಕೂತಿದ್ದಾಗ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸ ಬೇರ್ಪಡಿಸುವ ಎಂಆರ್‌ಎಫ್ ಘಟಕ ಬಂತು. ಗ್ರಾಮೀಣ ಕರ್ನಾಟಕಕ್ಕೆ ಅದೇ ಮೊದಲನೆಯದು. ಸುತ್ತಿನ ಎಷ್ಟೋ ಪಂಚಾಯತಿಗಳ ಕಸ ಈಗ ಅಲ್ಲಿಗೆ ಬರುತ್ತದೆ. ಒಬ್ಬೊಬ್ಬರಿಗೆ ಆಗದ್ದು ಹತ್ತಾರು ಪಂಚಾಯತಿ ಕೂಡಿದಾಗ ಆಯಿತು. ಕಸದಲ್ಲಿ ಆದದ್ದು ನೀರಿನಲ್ಲಿ ಯಾಕೆ ಆಗಬಾರದು? 1992ರ 74ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ ಸೇರಿದ 243ಝಡ್‌ಡಿ ವಿಧಿ ಜಿಲ್ಲಾ ಯೋಜನಾ ಸಮಿತಿಗೆ ಹೇಳುವುದೂ ಇದನ್ನೇ: ಹಳ್ಳಿ, ಪೇಟೆಗಳ ನಡುವೆ ನೀರಿನ ಹಂಚಿಕೆ ನೋಡಿಕೊಳ್ಳಿ, ಪರಿಸರ ಕಾಯಿರಿ. ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜನರಿಂದ ಆರಿಸಿ ಬಂದವರಿರಬೇಕು ಎಂದೂ ಅದರಲ್ಲಿದೆ. ಆದರೆ ನಮ್ಮ ರಾಜ್ಯದಲ್ಲಿ ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 1987ರಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬರು ಜಿಲ್ಲಾ ಪರಿಷತ್ತುಗಳನ್ನು ಎಷ್ಟು ಆಸೆಯಿಂದ ನಿಲ್ಲಿಸಿದ್ದರು ಎನ್ನುವುದನ್ನು ಕಂಡ ನನಗೆ ಇದು ದೊಡ್ಡ ನೋವು. ಮೇಲಿನ ಎರಡು ಮೆಟ್ಟಿಲು ಖಾಲಿ ಇರುವಾಗ ಗ್ರಾಮಸಭೆಯ ನಡಾವಳಿಗೆ ಇನ್ನಷ್ಟು ತೂಕ ಬರಬೇಕು. ಅದರಲ್ಲಿ ಏನು ಬರೆದಿದೆ ಎಂಬುದೇ ಜನ ತೋರಿಸಬಹುದಾದ ದಾಖಲೆ.

ಸಭೆಗೆ ಬಾರದವರ ಪಾಲನ್ನು ನೀನು ಬರೆಯಬೇಕು. 2001ರಿಂದ 2011ಕ್ಕೆ ರಾಜ್ಯದ ಜನಸಂಖ್ಯೆ ನೂರಕ್ಕೆ 15ಕ್ಕಿಂತ ಹೆಚ್ಚು ಏರಿದಾಗ ನಮ್ಮ ಜಿಲ್ಲೆಯದು ಏರಿದ್ದು 6ಕ್ಕಿಂತ ಕಡಿಮೆ. ಸಾವಿರ ಗಂಡಸರಿಗೆ 1,094 ಹೆಂಗಸರು. ಇದನ್ನು ಸಾಧನೆ ಎಂದು ಭಾಷಣದಲ್ಲಿ ಹೇಳುತ್ತಾರೆ. ನಾನು ಅದರಲ್ಲಿ ಮುಂಬೈಗೆ, ಗಲ್ಫಿಗೆ, ಬೆಂಗಳೂರಿಗೆ ಹೋದ ಮಕ್ಕಳನ್ನೂ ದೊಡ್ಡ ಮನೆಯಲ್ಲಿ ಒಬ್ಬಳೇ ಉಳಿದ ತಾಯಿಯನ್ನೂ ಕಾಣುತ್ತೇನೆ. ಮಂಡಿ ನೋವಿನ ಆ ತಾಯಿ ಗ್ರಾಮಸಭೆಗೆ ಬಂದು ಕೈ ಎತ್ತುವುದಿಲ್ಲ. ಅವಳಿಗೆ ಬೇಕಾದ್ದು ತಿಂಗಳಿಗೊಮ್ಮೆ ಮನೆಗೆ ಬರುವ ದಾದಿ, ರಕ್ತದೊತ್ತಡದ ಮಾತ್ರೆ, ಬಸ್ಸು ನಿಲ್ಲುವಲ್ಲಿ ಕೂರಲು ಒಂದು ಕಟ್ಟೆ. ಹಾಗೆಯೇ 2011ರಲ್ಲಿ ಜಿಲ್ಲೆಯ ಸರಾಸರಿ ಸಾಕ್ಷರತೆ ನೂರಕ್ಕೆ 86 ದಾಟಿತ್ತು ಎಂಬ ಲೆಕ್ಕದೊಳಗೆ ಕೊರಗರ ಕಾಲನಿ, ಘಟ್ಟದ ಬುಡದ ಮಲೆಕುಡಿಯರ ಮನೆಗಳು ಮರೆಯಾಗುತ್ತವೆ. 2024ರ ನವೆಂಬರಿನಲ್ಲಿ ಹೆಬ್ರಿ ತಾಲೂಕಿನ ಕಬ್ಬಿನಾಲೆಯ ಪೀತಬೈಲಿನಲ್ಲಿ ನಕ್ಸಲ್ ಎನ್‌ಕೌಂಟರ್ ನಡೆದ ಮೇಲೆಯೇ ಅಲ್ಲಿನ ಮನೆಗಳ ಹೆಸರು ಊರಿಗೆಲ್ಲ ತಿಳಿದದ್ದು. ಗುಂಡಿನ ಸದ್ದಿಗೆ ಮೊದಲೇ ಆ ಮನೆಗಳು ಯೋಜನೆಯ ಕಣ್ಣಿಗೆ ಬೀಳಬೇಕಿತ್ತು, ಮಗಳೇ. ನಮ್ಮ ಊರಿನಲ್ಲಿ ಅಂಥ ಮನೆ ಯಾವುದು ಎಂದು ಈಗಲೇ ಕೇಳಿಕೋ.

ಆಗುವುದಿಲ್ಲ ಎಂದು ಹೇಳುವುದನ್ನೂ ಕಲಿಯಬೇಕಾಗುತ್ತದೆ. ನಿನ್ನದೇ ಓಣಿಯವರು, ನಿನಗೆ ಮತ ಹಾಕಿದವರು ರಸ್ತೆ ಕೇಳುತ್ತಾರೆ. ‘ನಿಮ್ಮದು ಬರುವ ವರ್ಷ, ಈ ವರ್ಷ ಸಂಕ’ ಎಂದು ಮುಖ ನೋಡಿ ಹೇಳು, ಕಾರಣವನ್ನೂ ಹೇಳು. ಕಾರಣ ಕೊಟ್ಟು ಇಲ್ಲ ಎಂದವರ ಮೇಲೆ ನಮ್ಮ ಜನ ಹೆಚ್ಚು ದಿನ ಸಿಟ್ಟು ಇಟ್ಟುಕೊಳ್ಳುವುದಿಲ್ಲ. ನಡಾವಳಿಯಲ್ಲೂ ಆ ಕಾರಣ ಬರೆಸು: ಯಾವ ತೋಡು, ಎಷ್ಟು ಮನೆ, ಎಷ್ಟು ಮಕ್ಕಳು, ಯಾವ ತಿಂಗಳು ನೀರು ಏರುತ್ತದೆ. ‘ಕಾಲುಸಂಕ ನಿರ್ಮಾಣ’ ಎಂದಷ್ಟೇ ಬರೆದ ಸಾಲನ್ನು ಮಣಿಪಾಲದ ರಜತಾದ್ರಿಯ ಜಿಲ್ಲಾ ಕಚೇರಿಯಲ್ಲಿ ಹಿಂದೆ ಮುಂದೆ ಮಾಡುವುದು ಸುಲಭ. ಇಷ್ಟು ವಿವರ ಇದ್ದ ಸಾಲನ್ನು ಹಾಗೆ ಸರಿಸಲು ಆಗುವುದಿಲ್ಲ.

ಕಳೆದ ಮೂರು ವರ್ಷದ ಕ್ರಿಯಾಯೋಜನೆಯ ಪ್ರತಿ ಪಂಚಾಯತ್ ಕಚೇರಿಯಲ್ಲಿ ಸಿಗುತ್ತದೆ, ನಾಳೆಯೇ ತೆಗೆದುಕೋ. ಬರೆದದ್ದರಲ್ಲಿ ಆದದ್ದು ಎಷ್ಟು, ಆದದ್ದರಲ್ಲಿ ಇವತ್ತಿಗೆ ಕೆಲಸಕ್ಕೆ ಬರುವುದು ಎಷ್ಟು ಎಂದು ಗುರುತು ಹಾಕಬೇಕು. ಆದಿತ್ಯವಾರ ಬೆಳಿಗ್ಗೆ ಬಾ, ಇಬ್ಬರೂ ಕೂತು ಹಾಕುವ. ಸಂಜೀವಿನಿ ಒಕ್ಕೂಟದ ಹೆಂಗಸರು ಇಬ್ಬರನ್ನು ಕರೆದುಕೊಂಡು ಬಂದರೆ ಇನ್ನೂ ಒಳ್ಳೆಯದು. ಯಾವ ನಳ್ಳಿಯಲ್ಲಿ ನೀರು ಬರುತ್ತದೆ ಎನ್ನುವುದನ್ನು ಅವರಷ್ಟು ಸರಿಯಾಗಿ ನಮ್ಮಿಬ್ಬರಿಗೂ ಹೇಳಲು ಬಾರದು.