ಸೊಂಟ ನೋವು: ಹೆದರಿ ಹಾಸಿಗೆ ಹಿಡಿಯಬೇಡಿ

ಸೊಂಟ ನೋವಿನಿಂದ ಬರುವ ಹೆಚ್ಚಿನವರ ಮೊದಲ ಪ್ರಶ್ನೆ ಒಂದೇ: "ಡಾಕ್ಟ್ರೇ, ನನ್ನ ಬೆನ್ನೆಲುಬು ಸವೆದು ಹೋಗಿದೆಯಾ?" ನೋವಿಗಿಂತ ಈ ಭಯವೇ ಅವರನ್ನು ಹೆಚ್ಚು ಕುಗ್ಗಿಸಿರುತ್ತದೆ. ಬಗ್ಗುವುದನ್ನು ಬಿಡುತ್ತಾರೆ, ನಡೆಯುವುದನ್ನು ಬಿಡುತ್ತಾರೆ, ಕೊನೆಗೆ ಮಸೀದಿಗೆ ಹೋಗುವುದನ್ನೂ ಬಿಡುತ್ತಾರೆ.

ನೀವು ಒಬ್ಬರೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಸೊಂಟ ನೋವಿತ್ತು. ನೂರರಲ್ಲಿ ಸುಮಾರು 90 ಮಂದಿಯ ನೋವಿಗೆ ಮೂಳೆ ಮುರಿತ, ಸೋಂಕು, ಗಡ್ಡೆಯಂತಹ ನಿರ್ದಿಷ್ಟ ರೋಗ ಕಾರಣವಾಗಿರುವುದಿಲ್ಲ. ಹೊಸದಾಗಿ ಬಂದ ನೋವು ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ತಗ್ಗುತ್ತದೆ. ಅದು ಮತ್ತೆ ಬರಲೂಬಹುದು. ಹಾಗೆಂದು ಬೆನ್ನು ಕೆಟ್ಟುಹೋಯಿತು ಎಂದಲ್ಲ.

ಸ್ಕ್ಯಾನ್ ವರದಿಗೆ ಅಂಜಬೇಡಿ

'ಡಿಸ್ಕ್ ಉಬ್ಬಿದೆ', 'ಸವೆತವಿದೆ' ಎಂಬ ಮಾತುಗಳು ಗಾಬರಿ ಹುಟ್ಟಿಸುತ್ತವೆ. ಆದರೆ ನೋವೇ ಇಲ್ಲದ 20 ವರ್ಷದವರನ್ನು ಸ್ಕ್ಯಾನ್ ಮಾಡಿದರೂ ಸುಮಾರು ಶೇ. 30 ಮಂದಿಯಲ್ಲಿ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ವಯಸ್ಸಾದಂತೆ ಇದು ಹೆಚ್ಚುತ್ತದೆ. ಕೂದಲು ನರೆಯುವ ಹಾಗೆಯೇ ಇದೂ.

ಚಲನೆ ಮತ್ತು ವಿಶ್ರಾಂತಿ

ಆರೋಗ್ಯಕ್ಕೆ ಅತ್ಯಗತ್ಯವೆಂದು ಯುನಾನಿ ಶಾಸ್ತ್ರ ಹೇಳುವ ಆರು ವಿಷಯಗಳಲ್ಲಿ ದೇಹದ ಚಲನೆ ಮತ್ತು ವಿಶ್ರಾಂತಿಯೂ ಒಂದು. ಎರಡನ್ನೂ ಜೋಡಿಯಾಗಿಯೇ ಹೇಳಲಾಗಿದೆ. ನೋವು ಜೋರಾಗಿದ್ದಾಗ ಮೊಣಕಾಲಿನ ಕೆಳಗೆ ದಿಂಬಿಟ್ಟು ಸ್ವಲ್ಪ ಹೊತ್ತು ಅಂಗಾತ ಮಲಗಿ. ಆದರೆ ದಿನಗಟ್ಟಲೆ ಮಲಗಿದರೆ ಸ್ನಾಯುಗಳು ಬಲಗುಂದಿ ಚೇತರಿಕೆ ತಡವಾಗುತ್ತದೆ. ಮನೆಯೊಳಗೇ ಐದು ಹತ್ತು ನಿಮಿಷ ನಡೆಯಿರಿ, ದಿನಕ್ಕೆ ಹಲವು ಬಾರಿ. ನಡೆಯುವಾಗ ತುಸು ನೋವಾದರೆ ಬೆನ್ನಿಗೆ ಹಾನಿಯಾಯಿತು ಎಂದರ್ಥವಲ್ಲ.

ಬೀಡಿ ಕಟ್ಟುವ, ಹೊಲಿಗೆ ಮಾಡುವ ಸಹೋದರಿಯರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಭಾರವನ್ನು ಮೈಗೆ ಹತ್ತಿರ ಹಿಡಿದು, ಮೊಣಕಾಲು ಮಡಚಿ ಎತ್ತಿ.

ಬಿಸಿ ಶಾಖ, ಎಣ್ಣೆ ಹಚ್ಚಿ ಮೃದುವಾಗಿ ತಿಕ್ಕುವ 'ದಲ್ಕ್' ಹಲವರಿಗೆ ಹಿತ ನೀಡುತ್ತವೆ. ಬೆನ್ನನ್ನು ತುಳಿಸಿಕೊಳ್ಳುವುದು, ಜೋರಾಗಿ ತಿರುಚಿಸಿಕೊಳ್ಳುವುದು ಬೇಡ. ಹಿಜಾಮಾ ಮಾಡಿಸುವುದಿದ್ದರೆ ತರಬೇತಿ ಪಡೆದವರಲ್ಲೇ ಮಾಡಿಸಿ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಮೊದಲೇ ತಿಳಿಸಿ. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು.

ನಮಾಝ್

ನಿಲ್ಲಲಾಗದವರಿಗೆ ಕುಳಿತು, ಕುಳಿತುಕೊಳ್ಳಲೂ ಆಗದವರಿಗೆ ಮಲಗಿ ನಮಾಝ್ ಮಾಡಲು ನಮ್ಮ ಧರ್ಮ ಅನುಮತಿ ನೀಡಿದೆ. ಈ ರಿಯಾಯಿತಿ ಪಡೆಯಲು ಸಂಕೋಚ ಬೇಡ. ನೋವು ತಗ್ಗಿದಂತೆ ಕಿಯಾಮ್, ರುಕೂಅ್, ಸುಜೂದ್‌ಗೆ ನಿಧಾನವಾಗಿ ಮರಳಿ. ಕುರ್ಚಿಯೇ ಕಾಯಂ ಆಗಬೇಕಿಲ್ಲ.

ಯಾವಾಗ ತಡಮಾಡಬಾರದು?

ಮೂತ್ರ ಕಟ್ಟಿದರೆ, ಮಲಮೂತ್ರದ ಮೇಲೆ ಹಿಡಿತ ತಪ್ಪಿದರೆ, ತೊಡೆ ಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಕಾಲು ಬಲ ಕಳೆದುಕೊಳ್ಳುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬಿದ್ದ ಮೇಲೆ ನೋವು ಶುರುವಾಗಿದ್ದರೆ, ನೋವಿನ ಜೊತೆ ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಅಥವಾ ಕ್ಷಯ ಬಂದಿದ್ದರೆ ಕೂಡಲೇ ವೈದ್ಯರಿಗೆ ತೋರಿಸಿ.

ಇವು ಯಾವುವೂ ಇಲ್ಲವೇ? ಹಾಗಾದರೆ ಇಂದೇ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ನಾಳೆ ಇನ್ನೆರಡು ಹೆಜ್ಜೆ ಸೇರಿಸಿ.