ಬಣ್ಣದ ಕಲ್ಲು ಕೊಳ್ಳುವವರಿಗೆ

ಅಂಗಡಿಯ ಕಪಾಟಿನಲ್ಲಿ ಕಡುಗುಲಾಬಿ, ನವಿಲುನೀಲಿ ಬಣ್ಣಗಳಲ್ಲಿ ಹೊಳೆಯುವ ಅಗೇಟ್ ಬಿಲ್ಲೆಗಳು ಬಹುಪಾಲು ಬಣ್ಣ ಕುಡಿದ ಕಲ್ಲುಗಳು. ಬಸಾಲ್ಟ್ ಶಿಲೆಯ ಪೊಳ್ಳುಗಳಲ್ಲಿ ಸಿಲಿಕಾ ಪದರಪದರವಾಗಿ ಕೂತು ಅಗೇಟ್ ಗಂಟುಗಳಾಗುತ್ತವೆ. ಆ ಪದರಗಳ ಸೂಕ್ಷ್ಮ ರಂಧ್ರಗಳು ಬಣ್ಣ ಹೀರುತ್ತವೆ. ಜರ್ಮನಿಯ ಈಡರ್-ಓಬರ್‌ಸ್ಟೈನ್ ಪಟ್ಟಣದ ಕುಶಲಕರ್ಮಿಗಳು 19ನೇ ಶತಮಾನದಲ್ಲೇ ಬ್ರೆಜಿಲ್‌ನ ಬೂದು ಅಗೇಟನ್ನು ಸಕ್ಕರೆ ದ್ರಾವಣದಲ್ಲಿ ನೆನೆಸಿ, ಗಂಧಕಾಮ್ಲಕ್ಕೆ ಹಾಕಿ ಕಪ್ಪಾಗಿಸುತ್ತಿದ್ದರು.

ಗುಜರಾತಿನ ಖಂಭಾತ್‌ನಲ್ಲಿ ನಡೆಯುವುದು ಬೇರೆ ಕೆಲಸ. ರತನ್‌ಪುರದ ಕಲ್ಲನ್ನು ಕಾಯಿಸಿದಾಗ ಅದರೊಳಗಿನ ಕಬ್ಬಿಣದ ಅಂಶವೇ ಕೆಂಪೇರುತ್ತದೆ. ಹರಪ್ಪ ಕಾಲದಿಂದ ಬಂದ ಈ ವಿದ್ಯೆ ಮೋಸವಲ್ಲ. ಮಾರುವವರು ಅದನ್ನು ಮುಚ್ಚಿಟ್ಟರೆ ಮಾತ್ರ ಮೋಸ.

ಹಾಗಾಗಿ ಕೊಳ್ಳುವ ಮುನ್ನ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಬಿರುಕುಗಳಲ್ಲಿ ಬಣ್ಣ ಮಡುಗಟ್ಟಿದ್ದರೆ ಅದು ಹಾಕಿದ ಬಣ್ಣ. ಕಲ್ಲು ಸಿಕ್ಕ ಊರಿನ ಹೆಸರನ್ನು ಕೇಳಿ ಚೀಟಿ ಬರೆದಿಡಬೇಕು. ಊರು ತಿಳಿಯದ ಮಾದರಿಗೆ ಸಂಗ್ರಾಹಕರಲ್ಲಿ ಬೆಲೆ ಕಡಿಮೆ.

ಕೊಂಡ ಕಲ್ಲುಗಳ ಜೋಪಾನವೂ ಮುಖ್ಯ. ಅಮೆಥಿಸ್ಟ್ ಬಿಸಿಲಿಗೆ ಮಾಸುತ್ತದೆ. ಮ್ಯಾಲಕೈಟ್‌ನ ಗಡಸುತನ ಮೋಸ್ ಮಾಪಕದಲ್ಲಿ 4ರ ಆಸುಪಾಸು, ಅಗೇಟಿನದು ಸುಮಾರು 7. ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟರೆ ಮ್ಯಾಲಕೈಟ್‌ಗೆ ಗೀರು ಬೀಳುತ್ತದೆ. ನಿಂಬೆ, ವಿನೆಗರ್ ಅದಕ್ಕೆ ಸೋಕಲೇಬಾರದು.

ಮನೆಯಲ್ಲೇ ಕಲ್ಲು ಉಜ್ಜುವ ಉತ್ಸಾಹಿಗಳು ಒಣಗಲ್ಲನ್ನು ಯಂತ್ರಕ್ಕೆ ಕೊಡಲೇಬಾರದು. ಖಂಭಾತ್‌ನ ಎಷ್ಟೋ ಕುಶಲಕರ್ಮಿಗಳ ಶ್ವಾಸಕೋಶವನ್ನು ಸಿಲಿಕೋಸಿಸ್‌ ಕಾಯಿಲೆಯಾಗಿ ಕಾಡಿದ್ದು ಹಾಗೆ ಉಜ್ಜಿದಾಗ ಏಳುವ ಸಿಲಿಕಾ ದೂಳೇ. ನೀರು ಹರಿಸುತ್ತಲೇ ಉಜ್ಜಬೇಕು, ದೂಳು ತಡೆಯುವ ಮುಖಗವಸು ಧರಿಸಬೇಕು.