ಒಲೆಯ ಶಾಖ ಎಲ್ಲಿ ಹೋಗುತ್ತದೆ?

ಅಕ್ಕಂದಿರೇ, ದಿನವೂ ನಾವು ಒಲೆ ಹಚ್ಚುತ್ತೇವೆ. ಮುದ್ದೆಗೆ ಎಸರಿಡುತ್ತೇವೆ. ಗೌರಿಬಿದನೂರಾಗಲಿ, ಚಿಂತಾಮಣಿಯಾಗಲಿ, ಸೌದೆ ಸುಮ್ಮನೆ ಬರೋದಿಲ್ಲ. ಕಡಿಯಬೇಕು, ಹೊರಬೇಕು. ಗ್ಯಾಸ್ ಆದರೆ ದುಡ್ಡು ಕೊಡಬೇಕು. ಇಷ್ಟು ಕಷ್ಟಪಟ್ಟು ಪಡೆದ ಶಾಖವೆಲ್ಲ ಎಸರಿಗೇ ಸೇರುತ್ತದೆಯೇ? ನೋಡೋಣ.

ಶಕ್ತಿ ನಾಶವಾಗುವುದಿಲ್ಲ

ಮರವು ಬಿಸಿಲಿನ ಶಕ್ತಿಯನ್ನು ಕೂಡಿಟ್ಟುಕೊಂಡಿರುತ್ತದೆ. ಸೌದೆ ಉರಿದಾಗ ಆ ಶಕ್ತಿ ಶಾಖವಾಗುತ್ತದೆ. ಸ್ವಲ್ಪ ಶಾಖ ನೀರಿಗೆ ಹೋಗುತ್ತದೆ. ಸ್ವಲ್ಪ ಪಾತ್ರೆಗೆ, ಸ್ವಲ್ಪ ಒಲೆಯ ಮಣ್ಣಿಗೆ. ಉಳಿದದ್ದು ಹೊಗೆಗೆ, ಗಾಳಿಗೆ. ಎಲ್ಲವನ್ನೂ ಕೂಡಿದರೆ ಲೆಕ್ಕ ಸರಿಯಾಗುತ್ತದೆ. ಸಂತೆಗೆ ಒಯ್ದ ನೂರು ರೂಪಾಯಿ ಹತ್ತು ಅಂಗಡಿಗೆ ಹಂಚಿಹೋದ ಹಾಗೆ.

ಕೆಲಸವೂ ಶಾಖವಾಗುತ್ತದೆ. ಅಂಗೈ ಉಜ್ಜಿ ನೋಡಿ, ಬಿಸಿಯಾಗುತ್ತದೆ. 1840ರ ದಶಕದಲ್ಲಿ ಇಂಗ್ಲೆಂಡಿನ ಜೂಲ್ ಎಂಬ ವಿಜ್ಞಾನಿ ನೀರನ್ನು ಕಡೆದು ಬಿಸಿ ಮಾಡಿ, ಇದನ್ನು ಅಳೆದು ತೋರಿಸಿದ.

ಚದುರಿದ್ದು ತಾನಾಗಿ ಮರಳುವುದಿಲ್ಲ

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡನ್ನು ಬಿಸಿನೀರಿಗೆ ಹಾಕುತ್ತಾರೆ. ಗೂಡಿನ ಅಂಟು ಸಡಿಲವಾಗುತ್ತದೆ. ಆಗ ನೂಲು ಬಿಚ್ಚುತ್ತಾರೆ. ಸಂಜೆ ಆ ನೀರು ತಣ್ಣಗಾಗುತ್ತದೆ. ಅದರ ಶಾಖ ನಾಶವಾಗಿಲ್ಲ, ಗಾಳಿಗೆ ಹೋಗಿದೆ. ಆದರೆ ಬೆಳಿಗ್ಗೆ ಅದು ತಾನಾಗಿ ನೀರಿಗೆ ಬರುತ್ತದೆಯೇ? ಇಲ್ಲ. ಮತ್ತೆ ಒಲೆ ಉರಿಸಬೇಕು. ಶಾಖ ತಾನಾಗಿ ಬಿಸಿಯಿಂದ ತಣ್ಣಗಿನ ಕಡೆಗೇ ಹರಿಯುತ್ತದೆ.

ಕರಗಿದ ತುಪ್ಪ ಮತ್ತೆ ಗಟ್ಟಿಯಾಗುತ್ತದಲ್ಲ ಎನ್ನಬಹುದು. ನಿಜ. ತುಪ್ಪ ಮರಳಿತು, ಆದರೆ ಅದನ್ನು ಕರಗಿಸಿದ ಸೌದೆ ಮರಳಲಿಲ್ಲ. ಏನನ್ನೂ ಕಳೆದುಕೊಳ್ಳದೆ ಪೂರ್ತಿ ಹಿಂದಕ್ಕೆ ತಿರುಗುವ ಕೆಲಸವನ್ನು ವಿಜ್ಞಾನಿಗಳು ಲೆಕ್ಕಕ್ಕಾಗಿ ಊಹಿಸುತ್ತಾರೆ. ಒಲೆಯ ಮುಂದೆ ಅದು ನಡೆಯುವುದಿಲ್ಲ.

ಹೋಗುವ ಮೊದಲೇ ಹಿಡಿಯೋಣ

ಪಾತ್ರೆಗೆ ಮುಚ್ಚಳ ಹಾಕೋಣ. ಕಾಳನ್ನು ರಾತ್ರಿಯೇ ನೆನೆಹಾಕೋಣ.

ಕುದಿ ಬಂದ ಮೇಲೆ ಉರಿ ತಗ್ಗಿಸೋಣ. ಚಿಕ್ಕಬಳ್ಳಾಪುರ ಸಮುದ್ರಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತದೆ. ಎಷ್ಟು ಸೌದೆ ತುರುಕಿದರೂ ಅದಕ್ಕಿಂತ ಬಿಸಿಯಾಗದು, ಬೇಳೆ ಬೇಗ ಬೇಯದು. ನೀರು ಆವಿಯಾಗುತ್ತದೆ, ಅಷ್ಟೆ. ಒಂದು ಲೀಟರ್ ತಣ್ಣೀರನ್ನು ಕುದಿಸಲು ಬೇಕಾದ ಶಾಖಕ್ಕಿಂತ, ಕುದಿಯುವ ಆ ನೀರನ್ನೆಲ್ಲ ಆವಿ ಮಾಡಲು ಏಳು ಪಟ್ಟಿಗೂ ಹೆಚ್ಚು ಶಾಖ ಹೋಗುತ್ತದೆ!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಶುರುವಾಯಿತು. ಅಲ್ಲಿಯವರು ‘ಅಸ್ತ್ರ ಒಲೆ’ ಮಾಡಿದರು. ಅದರಲ್ಲಿ ಮೂರು ಪಾತ್ರೆ ಇಡಬಹುದು. ಮೊದಲ ಪಾತ್ರೆಯನ್ನು ದಾಟಿದ ಬಿಸಿ ಮುಂದಿನ ಪಾತ್ರೆಗಳಿಗೆ ಸಿಗುತ್ತದೆ. ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ. ಸೌದೆಯೂ ಉಳಿಯಿತು, ಕಣ್ಣಿಗೂ ಎದೆಗೂ ಹೊಗೆಯ ಕಾಟ ತಪ್ಪಿತು.

ಮಾಡಿ ನೋಡಿ

ಒಂದೇ ಅಳತೆಯ ನೀರನ್ನು ಒಂದು ದಿನ ಮುಚ್ಚಳ ಹಾಕಿ, ಒಂದು ದಿನ ಹಾಕದೆ ಕಾಯಿಸಿ. ಯಾವ ದಿನ ಬೇಗ ಕುದಿಯಿತು? ಬರೆದಿಡಿ. ಪಕ್ಕದ ಮನೆಯವರಿಗೂ ಓದಿ ಹೇಳಿ.